ಜುಲೈ 21: ಒಂದು ದಿನಾಂಕದ ನೆನಹು

ಶರಣರ ಸ್ಮರಣೆಯ ದಿನಗಳೆಲ್ಲ ತಿಥಿಯನ್ನು ಹಿಡಿದು ಬರುವಂಥವು. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯಂದು, ಅಕ್ಕಮಹಾದೇವಿಯ ಜಯಂತಿ ದವನದ ಹುಣ್ಣಿಮೆಯಂದು, ಅಲ್ಲಮಪ್ರಭುಗಳ ಜಯಂತಿ ಯುಗಾದಿಯಂದು. ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಈ ದಿನಗಳು ವರ್ಷಕ್ಕೊಂದು ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ನವಲಗುಂದ ನಾಡಿನ ಒಕ್ಕಲು ಮನೆತನಗಳು ಪಂಚಾಂಗವನ್ನು ತೆರೆಯದೆಯೇ ನೆನಪಿಟ್ಟುಕೊಂಡ ದಿನವೊಂದಿದೆ. ಅದು ಜುಲೈ 21. ಅದಕ್ಕೆ ತಿಥಿಯಿಲ್ಲ, ನಕ್ಷತ್ರವಿಲ್ಲ. ಅದು ಸರಕಾರಿ ಕಡತದ ದಿನಾಂಕ. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ಅಂದಿನಿಂದ ಆ ದಿನವು ರೈತ ಹುತಾತ್ಮ ದಿನವಾಗಿ ಆಚರಣೆಗೊಳ್ಳುತ್ತಿದೆ.

ವಾರ, ತಿಥಿ, ಮುಹೂರ್ತಗಳಲ್ಲಿ ಶುಭಾಶುಭವನ್ನು ಹುಡುಕುವುದನ್ನು ಶರಣರು ಒಪ್ಪಲಿಲ್ಲ ಎಂಬುದು ವಚನಗಳ ಓದುಗರಿಗೆಲ್ಲ ತಿಳಿದ ಸಂಗತಿ. ದಿನಕ್ಕೆ ತನ್ನದೆಂಬ ಗುಣವಿಲ್ಲ. ಆ ದಿನ ಯಾರು ಏನನ್ನು ಮಾಡಿದರು ಎಂಬುದಷ್ಟೇ ಉಳಿಯುತ್ತದೆ. ಆದುದರಿಂದ ಒಂದೇ ದಿನಾಂಕದಂದು ಘಟಿಸಿದ ಹಲವು ಸಂಗತಿಗಳನ್ನು ಜೊತೆಗಿಟ್ಟು ನೋಡುವಾಗ ಅವುಗಳ ಹಿಂದೆ ಯಾವುದೋ ಗೂಢ ಸಂಕೇತವಿದೆಯೆಂದು ಭಾವಿಸಬೇಕಾಗಿಲ್ಲ. ಕೆಲವು ಕೇವಲ ಕಾಕತಾಳೀಯ. ಆದರೆ ಕೆಲವು ಸಂಗತಿಗಳ ನಡುವೆ ಕ್ಯಾಲೆಂಡರು ಕಟ್ಟಿದ ನಂಟಿಗಿಂತ ಗಟ್ಟಿಯಾದ ನಂಟು ಮಣ್ಣಿನಲ್ಲಿಯೇ ಇರುತ್ತದೆ. ಜುಲೈ 21ರ ವಿಷಯದಲ್ಲಿ ಆ ನಂಟಿಗೆ ಹತ್ತಿ ಎಂದು ಹೆಸರು, ನೀರು ಎಂದು ಇನ್ನೊಂದು ಹೆಸರು.

ಮೊದಲನೆಯದು ಬಹು ದೂರದ ಸಂಗತಿ. 1861ರ ಜುಲೈ 21, ಭಾನುವಾರ. ಅಮೆರಿಕದ ವರ್ಜೀನಿಯಾ ಸೀಮೆಯ ಬುಲ್ ರನ್ ಎಂಬ ಹಳ್ಳದ ದಂಡೆಯಲ್ಲಿ ಉತ್ತರದ ಮತ್ತು ದಕ್ಷಿಣದ ಸೇನೆಗಳು ಎದುರಾದವು. ಗುಲಾಮಗಿರಿಯ ಪ್ರಶ್ನೆಯಿಂದ ಒಡೆದುಹೋಗಿದ್ದ ಆ ದೇಶದ ಅಂತರ್ಯುದ್ಧದಲ್ಲಿ ಅದು ಮೊದಲ ದೊಡ್ಡ ಕಾಳಗ. ಒಂದೇ ಪೆಟ್ಟಿಗೆ ಯುದ್ಧ ಮುಗಿಯುವುದೆಂದು ನಂಬಿ ವಾಷಿಂಗ್ಟನ್ ಪಟ್ಟಣದ ಜನರು ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು ಕಾಳಗವನ್ನು ನೋಡಲು ಹೋಗಿದ್ದರು. ಸಂಜೆಯ ಹೊತ್ತಿಗೆ ಉತ್ತರದ ಸೇನೆ ದಿಕ್ಕೆಟ್ಟು ಓಡಿತು. ನೋಡಲು ಬಂದವರೂ ಓಡಿದರು. ಯುದ್ಧವು ತಿಂಗಳುಗಳ ಮಾತಲ್ಲ, ವರ್ಷಗಳ ಮಾತು ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ಅದು 1865ರವರೆಗೆ ನಡೆಯಿತು.

ಆ ಕಾಳಗಕ್ಕೂ ನವಲಗುಂದದ ಎರೆ ಹೊಲಕ್ಕೂ ಏನು ಸಂಬಂಧ ಎಂದು ಕೇಳಬಹುದು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಅರಳೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ದಕ್ಷಿಣ ಸೀಮೆಯಿಂದ, ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಯುದ್ಧ ಹಬ್ಬಿ, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಗಿರಣಿಗಳು ನಿಂತವು. ಆಗ ಇಂಗ್ಲಿಷ್ ವ್ಯಾಪಾರಿಗಳ ಕಣ್ಣು ಭಾರತದತ್ತ ಹೊರಳಿತು. ಧಾರವಾಡ ಜಿಲ್ಲೆಗೆ ಅವರು ಹೊಸಬರಲ್ಲ. 1840ರ ದಶಕದಲ್ಲಿಯೇ ಕಂಪನಿ ಸರಕಾರವು ಅಮೆರಿಕದ ಹತ್ತಿಬೀಜವನ್ನು ತರಿಸಿ ಈ ಭಾಗದಲ್ಲಿ ಬಿತ್ತಿಸಿತ್ತು. ಅನೇಕ ಕಡೆ ಸೋತ ಆ ಪ್ರಯೋಗ ಧಾರವಾಡದ ಕಪ್ಪು ಮಣ್ಣಿನಲ್ಲಿ ಮಾತ್ರ ಬೇರೂರಿ ‘ಧಾರವಾಡ ಅಮೆರಿಕನ್’ ಎಂಬ ಹೆಸರನ್ನೇ ಪಡೆದಿತ್ತು. ಜವಾರಿ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರಾಯಿತು. ಹೊಲ ನವಲಗುಂದ, ಗದಗ, ಹುಬ್ಬಳ್ಳಿಗಳದು; ಹೆಸರು ಬಂದರಿನದು. ಬೆಳೆದವನ ಹೆಸರು ಸರಕಿನ ಮೇಲೆ ಉಳಿಯದಿರುವುದು ಅಂದಿಗೂ ಇಂದಿಗೂ ಒಂದೇ ರೀತಿ.

ಯುದ್ಧದ ನಾಲ್ಕು ವರ್ಷ ಹತ್ತಿಯ ಬೆಲೆ ಏರುತ್ತಲೇ ಹೋಯಿತು. ಈ ನಾಡಿನ ರೈತರು ಅಂಥ ಬೆಲೆಯನ್ನು ಹಿಂದೆಂದೂ ಕಂಡಿರಲಿಲ್ಲ. 1865ರಲ್ಲಿ ಯುದ್ಧ ನಿಂತಿತು, ಅಮೆರಿಕದ ಅರಳೆ ಮತ್ತೆ ಪೇಟೆಗೆ ಬಂದಿತು, ಬೆಲೆ ನೆಲಕ್ಕೆ ಬಿದ್ದಿತು. ಮುಂಬಯಿಯಲ್ಲಿ ಆ ಹಣದ ಮೇಲೆ ಎದ್ದಿದ್ದ ಬ್ಯಾಂಕುಗಳೂ ಕಂಪನಿಗಳೂ ಸಾಲುಸಾಲಾಗಿ ಮುರಿದುಬಿದ್ದವು. ಮುರಿದ ಬ್ಯಾಂಕುಗಳ ಹೆಸರು ಇತಿಹಾಸದ ಪುಸ್ತಕಗಳಲ್ಲಿವೆ. ಸಾಲ ತೀರಿಸಲಾರದೆ ಹೋದ ಒಕ್ಕಲಿಗರ ಹೆಸರುಗಳಿಲ್ಲ. ಹತ್ತು ವರ್ಷ ಕಳೆದು 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾ ಬರಗಾಲ ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ.

ಹೀಗೆ ಬೇರೂರಿದ ಆ ಅಮೆರಿಕನ್ ಹತ್ತಿಯ ವಂಶ ಅಲ್ಲಿಗೆ ನಿಲ್ಲಲಿಲ್ಲ. ಧಾರವಾಡ ಅಮೆರಿಕನ್ ಹತ್ತಿಯಿಂದ ಆಯ್ದು ಬೆಳೆಸಿದ ತಳಿಗೆ ‘ಗದಗ 1’ ಎಂದು ಹೆಸರಾಯಿತು. ಅದಕ್ಕೆ ಕಾಂಬೋಡಿಯಾ ಹತ್ತಿಯನ್ನು ಕೂಡಿಸಿ ‘ಲಕ್ಷ್ಮಿ’ ಎಂಬ ತಳಿಯನ್ನು ಪಡೆದರು. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿ ಡಾ. ಬಿ. ಎಚ್. ಕಟರಕಿ ಅವರು ಲಕ್ಷ್ಮಿಯನ್ನು ಈಜಿಪ್ಟ್ ಹತ್ತಿಯ ಜಾತಿಗೆ ಸೇರಿದ ಉದ್ದನೆಯ ಎಳೆಯ ತಳಿಯೊಂದಿಗೆ ಸಂಕರಿಸಿ ‘ವರಲಕ್ಷ್ಮಿ’ಯನ್ನು ಕೊಟ್ಟರು. ಎರಡು ಬೇರೆ ಬೇರೆ ಹತ್ತಿ ಜಾತಿಗಳ ನಡುವಿನ ಈ ಸಂಕರ ತಳಿಯ ಎಳೆ ಉದ್ದ, ಇಳುವರಿ ಹೆಚ್ಚು, ಪೇಟೆಯಲ್ಲಿ ಬೆಲೆಯೂ ಹೆಚ್ಚು. ಆದರೆ ಅದಕ್ಕೆ ನೀರು ಬೇಕು, ಗೊಬ್ಬರ ಬೇಕು, ಔಷಧ ಬೇಕು. ಬೀಜವನ್ನು ಪ್ರತಿ ವರ್ಷ ಕೊಂಡೇ ತರಬೇಕು. ಒಟ್ಟಿನಲ್ಲಿ ಸಾಲ ಬೇಕು. 1861ರ ಜುಲೈ 21ರ ಕಾಳಗದ ಕಾಲಕ್ಕೆ ಈ ನೆಲದಲ್ಲಿದ್ದ ಬೀಜದ ಮೊಮ್ಮಗಳು, ಮರಿಮಗಳು ಎನ್ನಬಹುದಾದ ಈ ಹತ್ತಿಯೇ 1980ರ ಜುಲೈ 21ರ ಹಿನ್ನೆಲೆಯಲ್ಲಿಯೂ ಇದೆ.

ಇನ್ನು ನೀರಿನ ಮಾತು. ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ. ಬಸವಣ್ಣನವರು ಬಾಲ್ಯದಲ್ಲಿ ಅರಿವನ್ನು ಪಡೆದ, ಕೊನೆಗೆ ಐಕ್ಯರಾದ ಆ ಪುಣ್ಯಸ್ಥಳದ ಎರಡು ನದಿಗಳಲ್ಲಿ ಒಂದು ಇದೇ ಮಲಪ್ರಭೆ. ನಡುದಾರಿಯಲ್ಲಿ, ಸವದತ್ತಿಯ ಬಳಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಾದ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರು. ಅದರ ಧಾರಣಶಕ್ತಿ 37.73 ಟಿಎಂಸಿ. 1970ರ ದಶಕದ ಮೊದಲ ವರ್ಷಗಳಲ್ಲಿ ಕಾಲುವೆಗಳಿಗೆ ನೀರು ಹರಿಯತೊಡಗಿತು. ಶತಮಾನಗಳಿಂದ ಮಳೆಯನ್ನೇ ನಂಬಿ ಜೋಳ, ಗೋಧಿ, ಕಡಲೆ, ಜವಾರಿ ಹತ್ತಿಗಳನ್ನು ಬೆಳೆದಿದ್ದ ಸವದತ್ತಿ, ನವಲಗುಂದ, ನರಗುಂದ, ರೋಣ ತಾಲೂಕುಗಳ ಎರೆಭೂಮಿಗೆ ಇದು ಹೊಸ ಯುಗವೆಂದು ಎಲ್ಲರೂ ನಂಬಿದರು.

ಇಲ್ಲಿ ಮತ್ತೊಂದು ಜುಲೈ 21 ನೆನಪಾಗುತ್ತದೆ. 1970ರ ಅದೇ ದಿನ ಈಜಿಪ್ಟ್ ದೇಶದಲ್ಲಿ ನೈಲ್ ನದಿಗೆ ಅಡ್ಡಲಾಗಿ ಕಟ್ಟಿದ ಆಸ್ವಾನ್ ಮಹಾ ಅಣೆಕಟ್ಟಿನ ಕೆಲಸ ಪೂರ್ಣಗೊಂಡಿತು. 1960ರಲ್ಲಿ ಆರಂಭವಾದ ಆ ಕಟ್ಟೋಣ ಈಜಿಪ್ಟಿಗೆ ವಿದ್ಯುತ್ತನ್ನೂ ವರ್ಷವಿಡೀ ನೀರನ್ನೂ ಕೊಟ್ಟಿತು; ಬರಗಾಲದ ಭಯವನ್ನು ನೀಗಿತು. ಅದೇ ವೇಳೆಗೆ ಸುಮಾರು ಒಂದು ಲಕ್ಷ ನುಬಿಯನ್ ಜನರು ತಲೆತಲಾಂತರದ ಊರುಗಳನ್ನು ಬಿಟ್ಟು ಹೋಗಬೇಕಾಯಿತು. ನೆರೆಯೊಂದಿಗೆ ಪ್ರತಿ ವರ್ಷ ಬಂದು ಹೊಲಗಳನ್ನು ಹಸನುಗೊಳಿಸುತ್ತಿದ್ದ ಮೆಕ್ಕಲು ಮಣ್ಣು ಅಣೆಕಟ್ಟಿನ ಹಿಂದೆ ನಿಂತಿತು, ಅದರ ಜಾಗಕ್ಕೆ ರಾಸಾಯನಿಕ ಗೊಬ್ಬರ ಬಂದಿತು. ಹೊಲಗಳಲ್ಲಿ ಜವುಳು, ಸವುಳು ಹೆಚ್ಚಿದವು. ನೀರು ಕಾಣದ ನೆಲಕ್ಕೆ ನೀರು ತಂದರೆ ಸಾಲದು, ಹೆಚ್ಚಾದ ನೀರು ಹೊರಹೋಗುವ ದಾರಿಯನ್ನೂ ಮಾಡಬೇಕೆಂಬ ಪಾಠವನ್ನು ನೈಲ್ ನದಿಯ ರೈತರು ಕಲಿತಂತೆಯೇ ಮಲಪ್ರಭೆಯ ರೈತರೂ ಕಲಿತರು. ಕಪ್ಪು ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣು. ಅದಕ್ಕೆ ಅಳತೆ ಮೀರಿ ನೀರುಣಿಸಿದಲ್ಲೆಲ್ಲ ಸವುಳು ಮೇಲೆದ್ದಿತು.

ಆದರೆ ನವಲಗುಂದದ ಸಂಕಟ ಹೆಚ್ಚಾದ ನೀರಿನದಷ್ಟೇ ಅಲ್ಲ, ಬಾರದ ನೀರಿನದೂ ಹೌದು. ಕಾಲುವೆಯ ತಲೆಭಾಗದವರಿಗೆ ಸಿಕ್ಕ ನೀರು ಕೊನೆಯ ಭಾಗದವರಿಗೆ ಸಿಗಲಿಲ್ಲ. ಹೊಲಗಾಲುವೆಗಳು ಎಷ್ಟೋ ಕಡೆ ಪೂರ್ಣವಾಗಿರಲಿಲ್ಲ. ಹೀಗಿರುವಾಗ ಸರಕಾರವು ನೀರಿನ ಕರದ ಜೊತೆಗೆ ‘ಬೆಟರ್‌ಮೆಂಟ್ ಲೆವಿ’ ಎಂಬ ಅಭಿವೃದ್ಧಿ ಕರವನ್ನು ವಿಧಿಸಿತು. ಯೋಜನೆಯಿಂದ ಭೂಮಿಯ ಬೆಲೆ ಹೆಚ್ಚಿದೆ, ಆದ್ದರಿಂದ ಭೂಮಿಯ ಒಡೆಯನು ಅದರ ಒಂದು ಪಾಲನ್ನು ಸರಕಾರಕ್ಕೆ ಕೊಡಬೇಕು ಎಂಬುದು ಅದರ ಹಿಂದಿನ ತರ್ಕ. ಕಾಗದದ ಮೇಲೆ ಆ ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಯೋಜನೆಯ ನಕ್ಷೆಯೊಳಗೆ ಬಿದ್ದ ಹೊಲಕ್ಕೆಲ್ಲ ಕರ ಬಿದ್ದಿತು, ನೀರು ಬಂದಿರಲಿ, ಬಾರದಿರಲಿ. ಅತ್ತ ವರಲಕ್ಷ್ಮಿ ಹತ್ತಿಯ ಬೆಲೆ ಕುಸಿದಿತ್ತು. ಬೀಜಕ್ಕೆ, ಗೊಬ್ಬರಕ್ಕೆ ತಂದ ಸೊಸೈಟಿಯ ಸಾಲ ಬಡ್ಡಿ ಬೆಳೆಸುತ್ತಿತ್ತು. 1865ರಲ್ಲಿ ಅಜ್ಜಂದಿರು ಕಂಡ ಚಿತ್ರವೇ ಮೊಮ್ಮಕ್ಕಳ ಕಣ್ಣೆದುರು ಮತ್ತೆ ನಿಂತಿತ್ತು. ವ್ಯತ್ಯಾಸವೆಂದರೆ ಈ ಸಲ ಕರ ಕೇಳುತ್ತಿದ್ದವರು ಪರದೇಶದವರಲ್ಲ, ತಾವೇ ಆರಿಸಿ ಕಳಿಸಿದವರು.

ಶರಣರ ಬಳಗದಲ್ಲಿ ಒಕ್ಕಲಿಗ ಮುದ್ದಣ್ಣನೆಂಬ ವಚನಕಾರನಿದ್ದಾನೆ. ನೇಗಿಲು, ಬಿತ್ತು, ಕಳೆ, ರಾಶಿ ಇವೆಲ್ಲ ಅವನ ವಚನಗಳಲ್ಲಿ ಅನುಭಾವದ ಭಾಷೆಯಾಗಿ ಬರುತ್ತವೆ. ಒಕ್ಕಲುತನ ಕಾಯಕವೆಂದ ಮೇಲೆ ಅದರ ಫಲದಲ್ಲಿ ಸಮಾಜಕ್ಕೂ ಪಾಲುಂಟು. ದಾಸೋಹದ ಅರ್ಥವೇ ಅದು. ಆದರೆ ದಾಸೋಹವು ಬಂದ ಫಲದಿಂದ ಕೊಡುವಂಥದ್ದು. ಮಲಪ್ರಭೆಯ ರೈತರ ವಾದವೂ ಸಾರದಲ್ಲಿ ಇಷ್ಟೇ ಆಗಿತ್ತು: ಕೊಡುವುದಿಲ್ಲವೆಂದಲ್ಲ, ಬಾರದುದಕ್ಕೆ ಹೇಗೆ ಕೊಡುವುದು?

1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿಯೊಂದನ್ನು ಕಟ್ಟಿಕೊಂಡರು. ಅಭಿವೃದ್ಧಿ ಕರವನ್ನು ಕೈಬಿಡಬೇಕು, ನೀರಿನ ಕರವನ್ನು ಇಳಿಸಬೇಕು, ಸಾಲದ ಹೊರೆಯನ್ನು ತಗ್ಗಿಸಬೇಕು, ಹತ್ತಿಗೆ ನ್ಯಾಯವಾದ ಬೆಲೆ ದೊರೆಯಬೇಕು ಎಂಬುವು ಅವರ ಮುಖ್ಯ ಬೇಡಿಕೆಗಳು. ಮನವಿಗಳಾದವು, ಸಭೆಗಳಾದವು, ತಾಲೂಕು ಕಚೇರಿಗಳ ಮುಂದೆ ಧರಣಿಗಳಾದವು. ಆಗ ಆರ್. ಗುಂಡೂರಾವ್ ಅವರು ಮುಖ್ಯಮಂತ್ರಿಯಾಗಿದ್ದರು. ಸರಕಾರದಿಂದ ತೃಪ್ತಿಕರವಾದ ಉತ್ತರ ಬಾರದಿದ್ದಾಗ ಜುಲೈ 21ರಂದು ನವಲಗುಂದ, ನರಗುಂದ, ಸವದತ್ತಿಗಳಲ್ಲಿ ಬಂದ್‌ಗೆ ಕರೆ ಹೋಯಿತು.

ಅಂದು ಸೋಮವಾರ, ಆಷಾಢದ ಶುಕ್ಲಪಕ್ಷ. ಮುಂಗಾರಿನ ಹೆಸರು ಹೊಲದಲ್ಲಿ ನಿಂತಿರುವ, ಹತ್ತಿಯ ಬಿತ್ತನೆಗೆ ಕೂರಿಗೆ ಸಿದ್ಧವಾಗುವ ಕಾಲ. ಹಳ್ಳಿಹಳ್ಳಿಗಳಿಂದ ಚಕ್ಕಡಿಗಳಲ್ಲಿ, ಟ್ರಾಕ್ಟರುಗಳಲ್ಲಿ, ಕಾಲ್ನಡಿಗೆಯಲ್ಲಿ ಸಹಸ್ರಾರು ರೈತರು ನವಲಗುಂದಕ್ಕೂ ನರಗುಂದಕ್ಕೂ ಬಂದು ಸೇರಿದರು. ಎರಡೂ ಊರುಗಳ ನಡುವೆ ಅಂತರ ಸುಮಾರು ಇಪ್ಪತ್ತು ಕಿಲೋಮೀಟರು. ಇಂದು ನರಗುಂದ ಗದಗ ಜಿಲ್ಲೆಯಲ್ಲಿದೆ. ಆದರೆ ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. 1980ರಲ್ಲಿ ಎರಡೂ ತಾಲೂಕುಗಳು ಧಾರವಾಡ ಜಿಲ್ಲೆಗೇ ಸೇರಿದ್ದವು. ಆ ದಿನದ ಸುದ್ದಿಯೂ ಒಂದೇ ಜಿಲ್ಲೆಯ ಸುದ್ದಿಯಾಗಿ ನಾಡಿಗೆ ತಲುಪಿತು.

ಮೆರವಣಿಗೆಯು ಘರ್ಷಣೆಗೆ ತಿರುಗಿತು. ಸರಕಾರಿ ಕಚೇರಿಗಳೂ ವಾಹನಗಳೂ ಬೆಂಕಿಗೆ ಆಹುತಿಯಾದವು. ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಅಳಗವಾಡಿಯ ರೈತ ಬಸಪ್ಪ ಲಕ್ಕುಂಡಿ ಬಲಿಯಾದರು. ನರಗುಂದದಲ್ಲಿ ಬಲಿಯಾದವರು ಈರಪ್ಪ ಎಂದೂ ವೀರಪ್ಪ ಎಂದೂ ಜನರು ಕರೆಯುವ ಕಡ್ಲಿಕೊಪ್ಪ ಅವರು. ನರಗುಂದದಲ್ಲಿ ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಹುತಾತ್ಮ ದಿನದ ಭಾಷಣಗಳಲ್ಲಿ ಈ ಕೊನೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ದಯೆಯನ್ನೇ ಧರ್ಮದ ಮೂಲವೆಂದು ಹೇಳಿಕೊಟ್ಟ ಪರಂಪರೆಯಲ್ಲಿ ನಿಂತು ಆ ದಿನವನ್ನು ನೆನೆಯುವವರು ಆ ಸಾವುಗಳನ್ನು ಬಿಟ್ಟು ನೆನೆಯಲಾಗದು. ಸತ್ತ ಪೊಲೀಸರ ಮನೆಗಳಲ್ಲಿಯೂ ಅಂದು ಒಲೆ ಹೊತ್ತಲಿಲ್ಲ. ಅವರೂ ಆದೇಶ ಹೊರಡಿಸಿದವರಲ್ಲ, ಆದೇಶ ಹೊತ್ತವರು.

ಮುಂದಿನ ದಿನಗಳಲ್ಲಿ ಚಳವಳಿ ಧಾರವಾಡ ಜಿಲ್ಲೆಯ ಗಡಿಯನ್ನು ದಾಟಿ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಬ್ಬಿತು. ಮತ್ತಷ್ಟು ಜೀವಗಳು ಹೋದವು. ಸರಕಾರವು ಅಭಿವೃದ್ಧಿ ಕರದ ವಸೂಲಿಯನ್ನು ತಡೆಹಿಡಿಯಬೇಕಾಯಿತು. ಅದೇ ವರ್ಷ ಶಿವಮೊಗ್ಗದಲ್ಲಿ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘವು ರೂಪುಗೊಂಡಿತು. ಹಸಿರು ಶಾಲು ರೈತರ ಗುರುತಾಯಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ರೈತರ ಕಾಲ್ನಡಿಗೆ ಜಾಥಾ ನಡೆಸಿದವು. 1983ರ ಚುನಾವಣೆಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂದುದಕ್ಕೆ ಇದ್ದ ಕಾರಣಗಳಲ್ಲಿ ಈ ಬಂಡಾಯವೂ ಒಂದೆಂದು ಇತಿಹಾಸಕಾರರು ಎಣಿಸುತ್ತಾರೆ. ನರಗುಂದಕ್ಕೆ ಬಂಡಾಯದ ಹೆಸರು ಹೊಸದೂ ಅಲ್ಲ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದುದು ಅಲ್ಲಿಯೇ.

ಪೊಲೀಸರ ಗುಂಡಿಗೆ ಬಲಿಯಾದವರನ್ನು ಜುಲೈ 21ರಂದೇ ನೆನೆಯುವ ಇನ್ನೊಂದು ನಾಡು ಬಂಗಾಳ. 1993ರ ಆ ದಿನ ಕಲಕತ್ತೆಯಲ್ಲಿ ಯುವ ಕಾಂಗ್ರೆಸ್ಸಿನ ಮೆರವಣಿಗೆಯ ಮೇಲೆ ಗುಂಡು ಹಾರಿ 13 ಜನರು ಸತ್ತರು. ಅಲ್ಲಿಯೂ ಅದು ಹುತಾತ್ಮರ ದಿನವೇ. ಆದರೆ ಅಲ್ಲಿ ಅದು ಒಂದು ಪಕ್ಷದ ದಿನ. ನವಲಗುಂದದಲ್ಲಿ ಎಲ್ಲ ಪಕ್ಷದವರೂ ಹಾರ ಹಿಡಿದು ಬರುವ ದಿನ. ಇವೆರಡರಲ್ಲಿ ಯಾವುದು ಹುತಾತ್ಮರಿಗೆ ಹೆಚ್ಚಿನ ಗೌರವ ಎಂಬುದನ್ನು ಹಾರಗಳ ಎಣಿಕೆಯಿಂದ ಹೇಳಲಾಗದು.

ಈ ದಿನಾಂಕದ ಮತ್ತೊಂದು ಎಳೆ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. 1960ರ ಜುಲೈ 21ರಂದು ಸಿಂಹಳದಲ್ಲಿ ಸಿರಿಮಾವೋ ಬಂಡಾರನಾಯಕೆ ಅವರು ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡರು. ಆಧುನಿಕ ಜಗತ್ತಿನಲ್ಲಿ ಮಹಿಳೆಯೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು. 2007ರ ಜುಲೈ 21ರಂದು ಮತ ಎಣಿಕೆ ಮುಗಿದು ಪ್ರತಿಭಾ ಪಾಟೀಲರು ಭಾರತದ ಮೊದಲ ಮಹಿಳಾ ರಾಷ್ಟ್ರಪತಿಯಾಗಿ ಆಯ್ಕೆಯಾದರು. ಹದಿನೈದು ವರ್ಷಗಳ ಬಳಿಕ, 2022ರ ಜುಲೈ 21ರಂದೇ ದ್ರೌಪದಿ ಮುರ್ಮು ಅವರ ಆಯ್ಕೆ ಪ್ರಕಟವಾಯಿತು. ಸಂತಾಲ ಬುಡಕಟ್ಟಿನ ಮಗಳೊಬ್ಬಳು ರಾಷ್ಟ್ರದ ಮೊದಲ ಪ್ರಜೆಯಾದಳು. ಇವು ಕಾಕತಾಳೀಯವೇ. ಚುನಾವಣಾ ಆಯೋಗವು ವೇಳಾಪಟ್ಟಿಯನ್ನು ಮಾಡುವಾಗ ಹಿಂದಿನ ವರ್ಷಗಳನ್ನು ತಿರುವಿ ನೋಡುವುದಿಲ್ಲ. ಆದರೂ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯ ಪಕ್ಕದಲ್ಲಿ ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಸೂಳೆ ಸಂಕವ್ವೆಯಂಥವರಿಗೂ ಸರಿಸಮನಾದ ಗದ್ದುಗೆಯಿತ್ತೆಂದು ಕೇಳಿ ಬೆಳೆದವರಿಗೆ ಈ ಮೂರು ವರ್ಷಗಳು ಒಂದೇ ಸಾಲಿನಲ್ಲಿ ಕಂಡರೆ ಅಚ್ಚರಿಯೇನಿಲ್ಲ.

ಆ ಸಾಲಿಗೆ ಧಾರವಾಡ ಜಿಲ್ಲೆಯದೇ ಆದ ಹೆಸರೊಂದನ್ನು ಸೇರಿಸಬೇಕು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರು ಕೊನೆಯುಸಿರೆಳೆದರು. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಅವರಿಗೆ ಆಗ 96 ವರ್ಷ ತುಂಬಿತ್ತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಮನೆತನವೆಂಬ ಕಾರಣಕ್ಕೇ ಧಾರವಾಡದ ಶುಕ್ರವಾರಪೇಟೆಯಲ್ಲಿ ಬಾಲ್ಯದಲ್ಲಿ ಉಂಡ ಅವಮಾನವನ್ನು, ನೆರೆಯವರ ತೋಟದ ಮಾವಿನಕಾಯಿಗೆ ಕೈ ಹಾಕಿದಾಗ ಕೇಳಿದ ಮಾತನ್ನು ಅವರು ಇಳಿವಯಸ್ಸಿನಲ್ಲಿಯೂ ನೆನೆಯುತ್ತಿದ್ದರು. ಹಾಗೆಂದು ಕಹಿಯನ್ನು ಕಟ್ಟಿಕೊಳ್ಳಲಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಆ ಹುಡುಗಿಗೆ ಆಗ ಹನ್ನೊಂದು ವರ್ಷ.

ಗುರುವನ್ನು ಅರಸಿ ಅವರು ಹೋದುದು ಕುಂದಗೋಳಕ್ಕೆ. ಆ ಕಾಲಕ್ಕೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನಲ್ಲಿ ಕಿರಾಣಾ ಘರಾಣೆಯ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರರು ನೆಲೆಸಿದ್ದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಪಾಠ ಮುಗಿಸಿ ಮತ್ತೆ ರೈಲಿನಲ್ಲಿ ಮರಳುತ್ತಿದ್ದರು. ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅವರು ಗುರುಬಂಧುಗಳು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ಧ್ವನಿ ಗಡುಸಾಯಿತು. ಹೆಣ್ಣಿನ ಕಂಠ ಹೀಗಿರಬೇಕೆಂಬ ಕೇಳುಗರ ಎಣಿಕೆಯನ್ನು ಬಿಟ್ಟು ಅವರು ಆ ಧ್ವನಿಯಲ್ಲಿಯೇ ಹಾಡಿದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಅವರು ತೀರಿಕೊಂಡಾಗ ನೇತ್ರದಾನವಾಯಿತು. ಹಾಡನ್ನೇ ಕಾಯಕವಾಗಿ ಹಿಡಿದವರ ಬದುಕಿಗೆ ಇದಕ್ಕಿಂತ ಸಹಜವಾದ ಕೊನೆಯ ಸಾಲು ಬೇರೆಯಿರಲಾರದು. ಅವರು ಅಗಲಿದ ದಿನ ಆಷಾಢದ ಕೊನೆ. ಮರುದಿನ ಮುಂಜಾನೆ ಶತಮಾನದ ಅತಿ ದೀರ್ಘ ಖಗ್ರಾಸ ಸೂರ್ಯಗ್ರಹಣ. ಗ್ರಹಣಕ್ಕೂ ಆ ಸಾವಿಗೂ ನಂಟು ಕಟ್ಟಿ ಮಾತಾಡಿದವರು ಇಲ್ಲದಿರಲಾರರು. ಆದರೆ ಗ್ರಹಣದ ಲೆಕ್ಕವನ್ನು ಖಗೋಳಜ್ಞರು ಎಷ್ಟೋ ವರ್ಷ ಮೊದಲೇ ಹಾಕಿಟ್ಟಿದ್ದರು.

ಕನ್ನಡಕ್ಕೆ ದೂರದ ನಂಟೊಂದು 1911ರ ಜುಲೈ 21ರಂದು ಹುಟ್ಟಿದ ಗುಜರಾತಿ ಕವಿ ಉಮಾಶಂಕರ ಜೋಶಿಯವರದು. ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದಾಗ, ಎಂದರೆ 1967ರ ಪ್ರಶಸ್ತಿಯನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡವರು ಅವರು.

ಇನ್ನುಳಿದುದು ಭೂಮಿಯ ಮಾತಲ್ಲ, ಚಂದ್ರನ ಮಾತು. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲದ ಮೇಲೆ ಕಾಲಿಟ್ಟುದು ಯಾವ ದಿನ ಎಂದು ಕೇಳಿದರೆ ಅಮೆರಿಕದ ಪಠ್ಯಪುಸ್ತಕ 1969ರ ಜುಲೈ 20 ಎನ್ನುತ್ತದೆ. ಅಲ್ಲಿ ಆಗ ಭಾನುವಾರದ ರಾತ್ರಿ. ಭಾರತದಲ್ಲಿ ಅದೇ ಕ್ಷಣಕ್ಕೆ ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷ, ಜುಲೈ 21. ನೌಕೆ ಚಂದ್ರನ ಮೇಲೆ ಇಳಿದ ಗಳಿಗೆಯೂ ಭಾರತದ ಗಡಿಯಾರದಲ್ಲಿ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷವೇ. ಧಾರವಾಡ ಸೀಮೆಗೆ ಆಗ ಟಿವಿ ಬಂದಿರಲಿಲ್ಲ. ಸುದ್ದಿಗೆ ರೇಡಿಯೋವನ್ನೇ ನಂಬಬೇಕಿತ್ತು. ಒಂದೇ ಹೆಜ್ಜೆ ಎರಡು ದಿನಾಂಕಗಳಲ್ಲಿ ಬಿದ್ದಿತು. ದಿನಾಂಕವೆಂಬುದು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಿಂತ ಸಂಗತಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಶುಭ ಮುಹೂರ್ತ ಕೇಳುವವರು ಚಂದ್ರನ ಮೇಲೆ ನಿಂತವನಿಗೆ ಯಾವ ತಿಥಿಯನ್ನು ಹೇಳುವರೋ ತಿಳಿಯದು. ತಿಥಿಯನ್ನು ಎಣಿಸುವುದೇ ಚಂದ್ರನಿಂದ.

ನವಲಗುಂದದಲ್ಲಿ ನೀರಿನ ಕಥೆ 1980ಕ್ಕೆ ಮುಗಿಯಲಿಲ್ಲ. ಮಲಪ್ರಭೆಯ ಜಲಾಶಯ ತುಂಬದ ವರ್ಷಗಳು ಹೆಚ್ಚಾದಂತೆ, ಪಡುವಣಕ್ಕೆ ಹರಿಯುವ ಮಹಾದಾಯಿಯ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಬಲವಾಯಿತು. 2015ರ ಜುಲೈ ತಿಂಗಳಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತರು. 2016ರ ಜುಲೈ 27ರಂದು ಮಹಾದಾಯಿ ನ್ಯಾಯಾಧಿಕರಣವು 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಮತ್ತೆ ಹೊತ್ತಿಕೊಂಡಿತು. ಬೆಣ್ಣಿಹಳ್ಳದ ದಂಡೆಯ ಯಮನೂರು, ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಚಾಂಗದೇವರ ಜಾತ್ರೆ ಮಾಡುವ ಊರು. ಆ ಊರಿನ ಮನೆಗಳಲ್ಲಿ ಹೆಂಗಸರು, ಮುದುಕರೆನ್ನದೆ ಲಾಠಿ ಏಟು ತಿಂದ ಚಿತ್ರಗಳನ್ನು ನಾಡೇ ಕಂಡಿತು. 2018ರ ಆಗಸ್ಟ್ 14ರಂದು ಬಂದ ಅಂತಿಮ ತೀರ್ಪು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18. 2020ರ ಫೆಬ್ರವರಿ 27ರಂದು ಕೇಂದ್ರವು ಅದನ್ನು ಅಧಿಸೂಚನೆಯಾಗಿ ಹೊರಡಿಸಿತು.

ಅಳಗವಾಡಿ ನವಲಗುಂದದಿಂದ ನರಗುಂದಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಬಸಪ್ಪ ಲಕ್ಕುಂಡಿಯವರ ಊರಾದ ಆ ಅಳಗವಾಡಿಯಲ್ಲಿ, ಹಾಗೆಯೇ ನವಲಗುಂದ, ನರಗುಂದಗಳಲ್ಲಿ ಪ್ರತಿ ವರ್ಷ ಜುಲೈ 21ರಂದು ಹಸಿರು ಶಾಲಿನವರು ಸೇರುತ್ತಾರೆ. ಹುತಾತ್ಮರ ವೀರಗಲ್ಲಿಗೆ ಹಾರ ಬೀಳುತ್ತದೆ. ಆ ವರ್ಷ ಮಳೆ ಸರಿಯಾಗಿ ಬಿದ್ದಿದ್ದರೆ ಬಂದವರು ಬೇಗ ಹೊಲಕ್ಕೆ ಮರಳುತ್ತಾರೆ. ಬೀಳದಿದ್ದರೆ ಸಭೆ ಸಂಜೆಯವರೆಗೆ ನಡೆಯುತ್ತದೆ.